ಮಳೆ ಬಂದರೆ ಕೆಂಪು ದೀಪ, ಚಳಿಗಾಲ ಬಂದರೆ ಅರ್ಧ ಕರೆಂಟು: ಚಾವಣಿ ಸೋಲಾರ್‌ನ ತೊಂದರೆ ಹುಡುಕುವ ಬಗೆ

ಪುನರ್ವಸು ಮಳೆ ಹಿಡಿದು ಕೂತಿದ್ದ ವಾರ. ಮೂಡಿಗೆರೆ ಕಡೆಯ ಒಂದು ತೋಟದ ಮನೆಯಿಂದ ಫೋನ್ ಬಂತು.

"ಇನ್ವರ್ಟರ್ ಸುಟ್ಟು ಹೋಯ್ತು ಅನ್ಸುತ್ತೆ ಕಣಪ್ಪ. ಬೆಳಿಗ್ಗೆ ಎದ್ದು ನೋಡಿದ್ರೆ ಕೆಂಪು ಲೈಟು. ಹನ್ನೊಂದು ಗಂಟೆ ಹೊತ್ತಿಗೆ ತಾನೇ ಸರಿ ಹೋಗುತ್ತೆ. ಹೊಸದು ತರಿಸಿಬಿಡಲಾ?"

"ಈಗಲೇ ತರಿಸ್ಬೇಡಿ ಅಣ್ಣ. ನಾನು ಬಂದು ನೋಡ್ತೀನಿ" ಎಂದೆ. ಸುಟ್ಟ ಇನ್ವರ್ಟರ್ ಹನ್ನೊಂದು ಗಂಟೆಗೆ ತಾನಾಗಿ ಸರಿ ಹೋಗುವುದಿಲ್ಲ. ಬಿಸಿಲು ಬಂದ ಮೇಲೆ ಸರಿ ಹೋಗುತ್ತದೆ ಎಂದರೆ, ಎಲ್ಲೋ ನೆನೆದದ್ದು ಒಣಗುತ್ತಿದೆ ಎಂದು ಅರ್ಥ.

2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂತು. 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ ಸಿಗುವಂತಾಯಿತು. ಅಲ್ಲಿಂದ ಅರಸೀಕೆರೆಯ ತೆಂಗಿನ ತೋಟದಿಂದ ಕಳಸದ ಅಡಿಕೆ ತೋಟದವರೆಗೂ ಮನೆ ಮೇಲೆ ಪ್ಯಾನೆಲ್ ಕಾಣುತ್ತಿವೆ. ತುಂಬಾ ಸಂತೋಷದ ವಿಷಯ. ಆದರೆ ತೊಂದರೆ ಬಂದಾಗ ಎಲ್ಲರ ಕಣ್ಣು ಮೊದಲು ಹೋಗುವುದು ಪ್ಯಾನೆಲ್‌ನ ಡಿಸಿ ಕರೆಂಟನ್ನು ಮನೆಯ ಎಸಿ ಕರೆಂಟಾಗಿ ಬದಲಿಸುವ, ಗೋಡೆ ಮೇಲಿನ ಇನ್ವರ್ಟರ್ ಕಡೆಗೆ. ನಾನು ನೋಡಿರುವಂತೆ ಕಾರಣ ಹೆಚ್ಚಿನ ಸಲ ಮೇಲೆ ಇರುತ್ತದೆ. ಪ್ಯಾನೆಲ್ ಇಟ್ಟ ಜಾಗ, ಬಿಗಿದ ರೀತಿ, ವೈರ್ ಎಳೆದ ದಾರಿ, ಇವುಗಳಲ್ಲಿ. ಇನ್ವರ್ಟರ್ ಪಾಪ ದೂರು ಹೇಳುತ್ತದೆ ಅಷ್ಟೆ.

ಮುಟ್ಟುವ ಮೊದಲು

ಇದನ್ನು ಓದದೆ ಮುಂದಕ್ಕೆ ಹೋಗಬೇಡಿ. ಪ್ಯಾನೆಲ್‌ಗೆ ಸ್ವಿಚ್ ಇಲ್ಲ. ಬೆಳಕು ಬಿದ್ದರೆ ವೋಲ್ಟ್ ಇದ್ದೇ ಇರುತ್ತದೆ. ಮೋಡ ಕವಿದರೆ ಆಂಪಿಯರ್ ಕಡಿಮೆಯಾಗುತ್ತದೆಯೇ ಹೊರತು ವೋಲ್ಟ್ ಅಷ್ಟಾಗಿ ಇಳಿಯುವುದಿಲ್ಲ. 540 ವ್ಯಾಟ್‌ನ 6 ಪ್ಯಾನೆಲ್ ಸಾಲಾಗಿ ಜೋಡಿಸಿದ್ದರೆ ಎರಡು ತುದಿಗಳ ನಡುವೆ ಸುಮಾರು 280 ರಿಂದ 300 ವೋಲ್ಟ್ ಡಿಸಿ ಇರುತ್ತದೆ. ಮನೆಯ ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ, ಹಾಗಾಗಿ ಕಿಡಿ ಹತ್ತಿದರೂ ಆರುತ್ತದೆ. ಡಿಸಿ ಸೊನ್ನೆಗೆ ಬರುವುದೇ ಇಲ್ಲ. ಕರೆಂಟು ಹರಿಯುತ್ತಿರುವಾಗ ಪ್ಯಾನೆಲ್ ವೈರುಗಳನ್ನು ಜೋಡಿಸುವ ಎಂಸಿ4 ಕನೆಕ್ಟರ್ ಎಳೆದರೆ ಕಿಡಿ ಆರದೆ ಉರಿಯುತ್ತಲೇ ಇರಬಹುದು. ಕೈ ಸುಡುತ್ತದೆ, ಚಾವಣಿಗೂ ಬೆಂಕಿ ತಗಲಬಹುದು.

ಮೊದಲು ಎಸಿ ಬ್ರೇಕರ್ ಇಳಿಸಿ. ಆಮೇಲೆ ಪ್ಯಾನೆಲ್‌ನಿಂದ ಇನ್ವರ್ಟರ್‌ಗೆ ಬರುವ ಕರೆಂಟು ಕಡಿಯುವ ಡಿಸಿ ಐಸೊಲೇಟರ್ ತಿರುಗಿಸಿ. ಇನ್ವರ್ಟರ್ ಒಳಗಿನ ಕೆಪ್ಯಾಸಿಟರ್ ಖಾಲಿಯಾಗಲು ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಕಾಯಿರಿ. ನೆನೆದ ಹೆಂಚಿನ ಮೇಲೆ ಹತ್ತಬೇಡಿ. ಸಿಮೆಂಟ್ ಶೀಟಿನ ಮೇಲಂತೂ ಒಣಗಿದ್ದರೂ ನೇರವಾಗಿ ಕಾಲಿಡಬೇಡಿ, ಅದು ಸದ್ದಿಲ್ಲದೆ ಮುರಿಯುತ್ತದೆ. ಹಲಗೆ ಹಾಕಿ, ಮೈಗೆ ಫುಲ್ ಬಾಡಿ ಹಾರ್ನೆಸ್ ಕಟ್ಟಿ, ಕೆಳಗೆ ಒಬ್ಬರನ್ನು ನಿಲ್ಲಿಸಿಕೊಂಡು ಹತ್ತಿ. ನೋಡುವುದು, ಬರೆದುಕೊಳ್ಳುವುದು, ಕೇಳಿಸಿಕೊಳ್ಳುವುದು ಮನೆಯವರ ಕೆಲಸ. ಮೀಟರ್ ಹಚ್ಚುವುದು, ಬಿಚ್ಚುವುದು ಕಲಿತವರ ಕೆಲಸ.

ಇನ್ನೊಂದು ಮಾತು. ಕರೆಂಟು ಹೋದಾಗ ಸೋಲಾರ್ ಕೂಡ ನಿಂತರೆ ಅದು ದೋಷವಲ್ಲ. ಬ್ಯಾಟರಿ ಇಲ್ಲದ, ಲೈನಿಗೆ ಜೋಡಿಸಿದ ಸಿಸ್ಟಂ ಹಾಗೆ ನಿಲ್ಲಲೇಬೇಕು. ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮನೆಯಿಂದ ಶಾಕ್ ಹೊಡೆಯುತ್ತದೆ. ಚಿಕ್ಕಮಗಳೂರಿನ ಮೆಸ್ಕಾಂ ಲೈನ್ ಆಗಲಿ, ಹಾಸನದ ಸೆಸ್ಕ್ ಲೈನ್ ಆಗಲಿ, ನಿಯಮ ಒಂದೇ.

ಯಾವಾಗ ಕೆಡುತ್ತದೆ ಎಂದು ಬರೆದುಕೊಳ್ಳಿ

ಟಾರ್ಚು, ಸ್ಪ್ಯಾನರ್ ತೆಗೆಯುವ ಮುಂಚೆ ಮೊಬೈಲ್‌ನಲ್ಲಿ ಒಂದು ವಾರದ ಗ್ರಾಫ್ ನೋಡಿ. ಬಿಸಿಲಿದ್ದ ದಿನದ ಗ್ರಾಫ್ ಗುಡ್ಡದ ಹಾಗೆ ನುಣ್ಣಗೆ ಏರಿ ಇಳಿಯಬೇಕು. ದಿನಾಲೂ ಅದೇ ಹೊತ್ತಿಗೆ ಯಾರೋ ಕಚ್ಚಿದ ಹಾಗೆ ಒಂದು ತುಂಡು ಇಲ್ಲವೆಂದರೆ ಅದು ನೆರಳು. ಗುಡ್ಡದ ಆಕಾರ ಸರಿಯಿದ್ದು ಎತ್ತರ ಮಾತ್ರ ಕುಗ್ಗುತ್ತಾ ಬಂದಿದ್ದರೆ ಕೊಳೆ, ಪಾಚಿ, ಮಸಿ. ಮಳೆ ಬಂದ ಮಾರನೇ ದಿನ ಬೆಳಗಿನ ಭಾಗ ಪೂರ್ತಿ ಖಾಲಿಯಿದ್ದರೆ ನೀರು ವೈರಿನ ಒಳಗೆ ಹೋಗಿದೆ. ಗಾಳಿ ಬೀಸಿದ ದಿನ ಮಾತ್ರ ಬಿಟ್ಟು ಬಿಟ್ಟು ಬಂದರೆ ಯಾವುದೋ ಕನೆಕ್ಟರ್ ಸಡಿಲವಾಗಿದೆ. ಇಷ್ಟು ಗೊತ್ತಾದರೆ ಎಲ್ಲಿ ಹುಡುಕಬೇಕು ಎಂಬುದು ಅರ್ಧ ತಿಳಿದ ಹಾಗೆ.

ನೆನೆದ ಬೆಳಿಗ್ಗೆ ಕೆಂಪು ದೀಪ

ಮೂಡಿಗೆರೆಯ ಆ ಮನೆಗೆ ವಾಪಸ್ ಬರೋಣ. ಪ್ಯಾನೆಲ್ ಹಾಕಿದ್ದು ಕೊಟ್ಟಿಗೆಯ ಶೀಟಿನ ಮೇಲೆ. 6 ಪ್ಯಾನೆಲ್, ಒಂದೇ ಸಾಲು. ಇನ್ವರ್ಟರ್ ಪರದೆಯಲ್ಲಿ ಇನ್ಸುಲೇಶನ್ ಎಂದು ಬರುತ್ತಿತ್ತು. ದಿನಾ ಬೆಳಿಗ್ಗೆ ಕೆಲಸ ಶುರು ಮಾಡುವ ಮುಂಚೆ ಇನ್ವರ್ಟರ್ ಒಂದು ಪರೀಕ್ಷೆ ಮಾಡಿಕೊಳ್ಳುತ್ತದೆ. ಪ್ಯಾನೆಲ್ ಸಾಲಿನಿಂದ ಭೂಮಿಗೆ ಕರೆಂಟು ಸೋರುತ್ತಿದೆಯಾ ಎಂದು ನೋಡುತ್ತದೆ. ಸೋರುತ್ತಿದ್ದರೆ ಶುರುವಾಗುವುದೇ ಇಲ್ಲ. ಬಿಸಿಲಿಗೆ ನೀರು ಆರಿದ ಮೇಲೆ ಪರೀಕ್ಷೆ ಪಾಸಾಗುತ್ತದೆ. ಹನ್ನೊಂದು ಗಂಟೆಯ ಗುಟ್ಟು ಇದು.

ಎಷ್ಟೋ ಕಡೆ ಇದಕ್ಕೆ "ಮಳೆಗಾಲ ಮುಗಿಯಲಿ ಬಿಡಿ, ಸರಿ ಹೋಗುತ್ತೆ" ಎಂದು ಹೇಳಿ ಕಳಿಸುತ್ತಾರೆ. ದಯವಿಟ್ಟು ಆ ಮಾತು ಕೇಳಬೇಡಿ. ಸೋರುತ್ತಿರುವ ಕರೆಂಟು ಪ್ಯಾನೆಲ್‌ನ ಫ್ರೇಮಿಗೋ ಕಬ್ಬಿಣದ ಶೀಟಿಗೋ ಬರುತ್ತಿರುತ್ತದೆ. ಅದರ ಕೆಳಗೆ ದನ ಕಟ್ಟಿರುತ್ತೀರಿ. ನೆಂದ ನೆಲ, ಬರಿಗಾಲು. ಅರ್ತಿಂಗ್ ಕೂಡ ಸರಿಯಿಲ್ಲದಿದ್ದರೆ ಏನಾಗುತ್ತದೆ ಎಂದು ಯೋಚನೆ ಮಾಡಿ.

ಎಲ್ಲಿ ಸೋರುತ್ತಿದೆ ಎಂದು ಚಾವಣಿ ಹತ್ತದೆಯೇ ಹೇಳಬಹುದು. ತಾಂತ್ರಿಕ ಕೆಲಸದವರಿಗೆ ಇದು ಗೊತ್ತಿರಲೇಬೇಕು. ತೊಂದರೆ ಇರುವಾಗಲೇ, ಅಂದರೆ ನೆನೆದಿರುವಾಗಲೇ ಅಳೆಯಬೇಕು. ಇನ್ವರ್ಟರ್ ಬೇರ್ಪಡಿಸಿ. ಆ ವೋಲ್ಟಿಗೆ ತಕ್ಕ ಡಿಸಿ ಮೀಟರ್ ತೆಗೆದುಕೊಂಡು ಕೆಳಗಿನ ಡಿಸಿ ಪೆಟ್ಟಿಗೆಯಲ್ಲಿ ಮೂರು ಅಳತೆ ತೆಗೆಯಿರಿ. ಪ್ಲಸ್‌ನಿಂದ ಮೈನಸ್‌ಗೆ, ಪ್ಲಸ್‌ನಿಂದ ಅರ್ತಿಗೆ, ಮೈನಸ್‌ನಿಂದ ಅರ್ತಿಗೆ. ಸಾಲು ಚೆನ್ನಾಗಿದ್ದರೆ ಅರ್ತಿಗೆ ಅಳೆದ ಎರಡೂ ಅಂಕಿ ನಿಲ್ಲದೆ ಸೊನ್ನೆ ಕಡೆಗೆ ಜಾರುತ್ತವೆ. ಸೋರಿಕೆ ಇದ್ದರೆ ಅಂಕಿ ಗಟ್ಟಿಯಾಗಿ ನಿಲ್ಲುತ್ತದೆ.

ಆ ದಿನ ನನಗೆ ಸಿಕ್ಕಿದ್ದು ಇದು. ಒಟ್ಟು 282 ವೋಲ್ಟ್. ಪ್ಲಸ್‌ನಿಂದ ಅರ್ತಿಗೆ 188. ಮೈನಸ್‌ನಿಂದ ಅರ್ತಿಗೆ 94. ಆರು ಪ್ಯಾನೆಲ್‌ಗೆ 282 ಎಂದರೆ ಒಂದಕ್ಕೆ 47. 94 ಎಂದರೆ ಎರಡು ಪ್ಯಾನೆಲ್. ಹಾಗಾದರೆ ಮೈನಸ್ ತುದಿಯಿಂದ ಎಣಿಸಿದರೆ ಎರಡನೇ ಮತ್ತು ಮೂರನೇ ಪ್ಯಾನೆಲ್ ನಡುವಿನ ಜೋಡಣೆಯಲ್ಲಿ ದೋಷ. ಮೈನಸ್‌ನಿಂದ ಅರ್ತಿಗೆ ಸೊನ್ನೆಯ ಹತ್ತಿರ ಬಂದಿದ್ದರೆ ಮೈನಸ್ ತುದಿಯಿಂದ ಕೆಳಗಿಳಿದ ವೈರ್ ನೋಡಬೇಕಿತ್ತು.

ಮಳೆ ಹೊಳವಾಗಿ ಶೀಟು ಒಣಗಿದ ಮೇಲೆ ಹತ್ತಿದೆವು. ಹೇಳಿದ ಜಾಗದಲ್ಲೇ ಇತ್ತು. ಕನೆಕ್ಟರ್ ಜೋಡಿ ಶೀಟಿನ ತಗ್ಗಿನಲ್ಲಿ ಬಿದ್ದುಕೊಂಡಿತ್ತು. ಮೇಲಿನಿಂದ ಹರಿಯುವ ನೀರೆಲ್ಲ ಅದರ ಮೇಲೇ ಹೋಗುತ್ತಿತ್ತು. ಕಟ್ಟಿದ್ದ ಪ್ಲಾಸ್ಟಿಕ್ ಟೈ ಬಿಸಿಲಿಗೆ ಒಣಗಿ ತುಂಡಾಗಿತ್ತು. ಅದಕ್ಕಿಂತ ಬೇಜಾರಿನ ವಿಷಯ, ಕನೆಕ್ಟರ್‌ನ ಗಂಡು ಒಂದು ಕಂಪನಿಯದು, ಹೆಣ್ಣು ಇನ್ನೊಂದು ಕಂಪನಿಯದು. ನೋಡಲು ಒಂದಕ್ಕೊಂದು ಕೂತ ಹಾಗೆ ಕಾಣುತ್ತದೆ. ಆದರೆ ಒಳಗಿನ ರಬ್ಬರ್ ರಿಂಗ್ ಬಿಗಿಯಾಗಿ ಹಿಡಿಯುವುದಿಲ್ಲ. ನೀರು ಒಳಗೆ ಹೋಗುತ್ತದೆ, ಒಳಗಿನ ಲೋಹ ಸರಿಯಾಗಿ ತಾಗದೆ ಬಿಸಿಯಾಗುತ್ತದೆ.

ಎರಡನ್ನೂ ಕತ್ತರಿಸಿ ತೆಗೆದು, ಒಂದೇ ಕಂಪನಿಯ ಜೋಡಿ ಹಾಕಿ, ಅದಕ್ಕೇ ಇರುವ ಕ್ರಿಂಪಿಂಗ್ ಟೂಲಿನಿಂದ ಒತ್ತಿದೆವು. ಕಟಿಂಗ್ ಪ್ಲೇಯರ್‌ನಲ್ಲಿ ಅಮುಕಿದರೆ ಅದು ಒಂದೆರಡು ವರ್ಷಕ್ಕೆ ಬಿಸಿಯಾಗಿ ಕರಗುತ್ತದೆ. ವೈರುಗಳನ್ನೆಲ್ಲ ಎತ್ತಿ ರೈಲಿಗೆ, ಅಂದರೆ ಪ್ಯಾನೆಲ್ ಕೂರಿಸಿದ ಲೋಹದ ಪಟ್ಟಿಗೆ, ಸ್ಟೀಲ್ ಕ್ಲಿಪ್ಪಿನಲ್ಲಿ ಕಟ್ಟಿದೆವು. ವೈರ್ ಕನೆಕ್ಟರ್‌ಗೆ ಮೇಲಿನಿಂದ ಇಳಿದು ಬರಬಾರದು, ಕೆಳಗೆ ಬಾಗಿ ಮೇಲಕ್ಕೆ ಹೋಗಬೇಕು. ಆಗ ನೀರು ಬಾಗಿನ ತುದಿಯಲ್ಲೇ ತೊಟ್ಟಿಕ್ಕುತ್ತದೆ. ಖರ್ಚಾದದ್ದು ಕೆಲವು ನೂರು ರೂಪಾಯಿ. ಹೊಸ ಇನ್ವರ್ಟರ್ ಹಾಕಿದ್ದರೂ ಮಾರನೇ ಬೆಳಿಗ್ಗೆ ಅದೇ ಕೆಂಪು ದೀಪ ಬರುತ್ತಿತ್ತು.

ಕನೆಕ್ಟರ್ ಸರಿಯಿದ್ದರೆ ವೈರ್ ನೋಡಿ. ಫ್ರೇಮಿನ ಕೆಳಗೆ ಸಿಕ್ಕಿ ಜಜ್ಜಿರಬಹುದು. ಅಳಿಲು, ಇಲಿ ಕಡಿದಿರಬಹುದು. ನಮ್ಮ ಕಡೆ ಮಂಗಗಳು ಜೋತಾಡುವ ವೈರನ್ನು ಎಳೆದಾಡುತ್ತವೆ. ಬಿಗಿಯಾಗಿ ಕಟ್ಟಿದ ವೈರಿಗೆ ಅವು ಹೋಗುವುದು ಕಡಿಮೆ.

ಡಿಸೆಂಬರ್‌ನಲ್ಲಿ ಬೆಳಗಿನ ಕರೆಂಟು ಮಾಯ

ತೋಟದ ಮನೆಗಳಲ್ಲಿ ಇದು ತುಂಬಾ ಸಾಮಾನ್ಯ. ಬೇಸಿಗೆಯಲ್ಲಿ ಜಾಗ ನೋಡಿ ಹೋಗಿರುತ್ತಾರೆ. ಏಪ್ರಿಲ್ ಕೊನೆಗೆ ಚಿಕ್ಕಮಗಳೂರಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿ ಮೇಲೇ ಇರುತ್ತಾನೆ. ಎಲ್ಲೂ ನೆರಳಿಲ್ಲ ಅನ್ನಿಸುತ್ತದೆ. ಆದರೆ ಡಿಸೆಂಬರ್ 21ರ ಹೊತ್ತಿಗೆ ನಡು ಮಧ್ಯಾಹ್ನವೂ ಸೂರ್ಯ ದಕ್ಷಿಣಕ್ಕೆ ವಾಲಿ 53 ಡಿಗ್ರಿ ಎತ್ತರದಲ್ಲಿ ಇರುತ್ತಾನೆ. ಬೆಳಿಗ್ಗೆ 9:30ರ ಹೊತ್ತಿಗೆ ಆಗ್ನೇಯದಲ್ಲಿ ಸುಮಾರು 33 ಡಿಗ್ರಿ ಅಷ್ಟೆ. 20 ಮೀಟರ್ ಎತ್ತರದ ಒಂದು ಸಿಲ್ವರ್ ಓಕ್ ಮರ ತಗೊಳ್ಳಿ. ಮಧ್ಯಾಹ್ನ ಅದರ ನೆರಳು ಉತ್ತರಕ್ಕೆ 15 ಮೀಟರ್. ಬೆಳಿಗ್ಗೆ 9:30ಕ್ಕೆ ವಾಯವ್ಯಕ್ಕೆ 30 ಮೀಟರ್. ಅಂಗಳದಾಚೆ ಇರುವ ಮರದ ನೆರಳು ಮನೆ ಮೇಲೆ ಬೀಳಲು ಇಷ್ಟು ಸಾಕಲ್ವಾ?

ಡಿಸೆಂಬರ್‌ವರೆಗೆ ಕಾಯದೆ ಇದನ್ನು ಈಗಲೇ ನೋಡಬಹುದು. ಒಂದು ರಟ್ಟು ತಗೊಳ್ಳಿ. 30 ಸೆಂಟಿಮೀಟರ್ ಅಡಿ, 20 ಸೆಂಟಿಮೀಟರ್ ಎತ್ತರ ಇರುವ ಮೂಲೆಮಟ್ಟದ ತ್ರಿಕೋನ ಕತ್ತರಿಸಿ. ಅದರ ಓರೆ ಅಂಚು 33 ಡಿಗ್ರಿಗೆ ಹತ್ತಿರ ಬರುತ್ತದೆ. ಪ್ಯಾನೆಲ್‌ನ ಕೆಳ ಅಂಚಿನ ಮಟ್ಟದಲ್ಲಿ ಕಣ್ಣಿಟ್ಟು, ಅಡಿ ಭಾಗವನ್ನು ನೆಲಕ್ಕೆ ಸಮವಾಗಿ ಹಿಡಿದು, ಓರೆ ಅಂಚಿನ ಉದ್ದಕ್ಕೂ ಆಗ್ನೇಯದ ಕಡೆ ನೋಡಿ. ಆ ಗೆರೆಗಿಂತ ಮೇಲೆ ಮರವೋ ನೀರಿನ ಟ್ಯಾಂಕೋ ಕಂಡರೆ ಡಿಸೆಂಬರ್ ಬೆಳಿಗ್ಗೆ 9:30ಕ್ಕೆ ಅದು ನೆರಳು ಹಾಕುತ್ತದೆ. ಮಧ್ಯಾಹ್ನ 3:30ರ ಲೆಕ್ಕಕ್ಕೆ ಅದೇ ರಟ್ಟು ಹಿಡಿದು ನೈಋತ್ಯಕ್ಕೆ ತಿರುಗಿ. ನಡು ಮಧ್ಯಾಹ್ನಕ್ಕೆ ಅಡಿ 30, ಎತ್ತರ 40 ಇರುವ ಇನ್ನೊಂದು ರಟ್ಟು ಬೇಕು. ಅದು ಸರಿಯಾಗಿ 53 ಡಿಗ್ರಿ. ಅದನ್ನು ಹಿಡಿದು ದಕ್ಷಿಣಕ್ಕೆ ನೋಡಿ. ಹೊಸದಾಗಿ ಜಾಗ ಹುಡುಕುವವರಿಗೂ ಈ ಎರಡು ರಟ್ಟು ಸಾಕು.

ಸ್ವಲ್ಪ ನೆರಳು ತಾನೇ ಎನ್ನಬೇಡಿ. ಪ್ಯಾನೆಲ್‌ಗಳು ಸರಪಳಿಯ ಹಾಗೆ ಒಂದರ ಹಿಂದೆ ಒಂದು ಇವೆ. ಸಾಮಾನ್ಯವಾಗಿ ಒಂದೊಂದರ ಹಿಂದೆ ಮೂರು ಬೈಪಾಸ್ ಡಯೋಡ್ ಇರುತ್ತವೆ. ಒಂದು ಭಾಗದ ಮೇಲೆ ದಟ್ಟ ನೆರಳು ಬಿದ್ದರೆ ಡಯೋಡ್ ಆ ಭಾಗವನ್ನೇ ಬಿಟ್ಟು ಕರೆಂಟನ್ನು ದಾಟಿಸುತ್ತದೆ. ಕಂಬದಂಥ ಸಣ್ಣ ನೆರಳು ಓರೆಯಾಗಿ ಆರೂ ಪ್ಯಾನೆಲ್ ಮೇಲೆ ಬಿದ್ದರೆ ಪ್ರತಿಯೊಂದರಲ್ಲೂ ಒಂದು ಭಾಗ ಹೋಗಬಹುದು. ದಿನಾ ಒಂದೇ ಕಡೆ ನೆರಳು ಬೀಳುತ್ತಿದ್ದರೆ ಡಯೋಡ್ ಕೂಡ ಸುಮ್ನೆ ಬಿಸಿಯಾಗುತ್ತಲೇ ಇರುತ್ತದೆ.

ಮರ ಕಡಿಯಿರಿ ಎಂದು ನಾನು ಹೇಳುವುದಿಲ್ಲ. ಮೆಣಸಿನ ಬಳ್ಳಿ ಹಬ್ಬಿದ ಮರವನ್ನು ಯಾರೂ ಕಡಿಯುವುದೂ ಇಲ್ಲ. ಮರಗಸಿ, ಅಂದರೆ ತೋಟದ ನೆರಳಿನ ಮರಗಳ ಕೊಂಬೆ ಸವರುವ ಕೆಲಸ, ಮಾಡುವಾಗ ಮನೆಯ ಆಗ್ನೇಯ ಮತ್ತು ನೈಋತ್ಯ ದಿಕ್ಕಿನ ಮರಗಳ ಕೊಂಬೆ ಜಾಸ್ತಿ ತೆಗೆಸಿ. ಅದಾಗದಿದ್ದರೆ ಪ್ಯಾನೆಲ್ ಜಾಗ ಬದಲಿಸಿ. ಕಾಫಿ ಒಣಗಿಸುವ ಕಣ ಬಿಸಿಲು ಬೀಳುವ ಜಾಗದಲ್ಲೇ ಇರುತ್ತದೆ. ಅದರ ಉತ್ತರದ ಅಂಚಿನಲ್ಲಿ ಕಂಬ ನೆಟ್ಟು ಸ್ಟ್ಯಾಂಡ್ ಹಾಕಿದರೆ ಕಣಕ್ಕೂ ನೆರಳಾಗುವುದಿಲ್ಲ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆಯವರು ತೆಂಗಿನ ಮರದ ಕೆಳಗೆ ಮಾತ್ರ ಹಾಕಬೇಡಿ. ನೆರಳಿನ ಮಾತು ಇರಲಿ, ಒಂದು ಕಾಯಿ ಬಿದ್ದರೆ ಗಾಜು ಹೋಯಿತು.

ಗುಡ್ಡ ಹಾಗೇ ಇದೆ, ಎತ್ತರ ಕುಗ್ಗಿದೆ

ಬಚ್ಚಲು ಒಲೆಯ ಹೊಗೆ ಗೂಡು ಎಲ್ಲಿದೆ ನೋಡಿ. ಮಲೆನಾಡಿನಲ್ಲಿ ದಿನಾ ಹಂಡೆಗೆ ಸೌದೆ ಹಾಕುತ್ತೇವೆ. ಗೂಡಿನ ಪಕ್ಕದ ಪ್ಯಾನೆಲ್ ಮೇಲೆ ಜಿಡ್ಡು ಮಸಿ ಕೂರುತ್ತದೆ. ಅದು ಮಳೆಗೆ ಹೋಗುವುದಿಲ್ಲ. ಗೂಡಿನ ಬಾಯಿ ಎತ್ತರಿಸಿ ಇಲ್ಲವೇ ಪ್ಯಾನೆಲ್ ದೂರ ಸರಿಸಿ. ಕೆಳಗಿನ ಫ್ರೇಮಿನ ಅಂಚಿನಲ್ಲಿ ಪಾಚಿ ಕಟ್ಟಿದ್ದರೆ ಇಳಿಜಾರು ಸಾಲದು ಎಂದರ್ಥ. ನಮ್ಮ ಕಡೆ ದಕ್ಷಿಣಕ್ಕೆ 13 ರಿಂದ 15 ಡಿಗ್ರಿ ಇಟ್ಟರೆ ಬಿಸಿಲಿಗೂ ಸರಿ, ನೀರೂ ಹರಿದು ಹೋಗುತ್ತದೆ. ಬೆಳಿಗ್ಗೆ ತಂಪಿನಲ್ಲಿ ಬರೀ ನೀರು, ಮೆತ್ತನೆ ಬಟ್ಟೆ ಸಾಕು. ಸುಡು ಬಿಸಿಲಿನಲ್ಲಿ ತಣ್ಣೀರು ಸುರಿಯಬೇಡಿ.

ಶೀಟಿಗೆ ಅಂಟಿಸಿದ ಹಾಗೆ ಹಾಕಿದ್ದರೂ ಕರೆಂಟು ಕುಗ್ಗುತ್ತದೆ. ಪ್ಯಾನೆಲ್‌ನ ವ್ಯಾಟ್ ಲೆಕ್ಕ 25 ಡಿಗ್ರಿ ಬಿಸಿಗೆ. ಒಳಗಿನ ಸೆಲ್ 60 ಡಿಗ್ರಿಗೆ ಹೋದರೆ ಸುಮಾರು ನೂರಕ್ಕೆ 12 ಭಾಗ ಕಡಿಮೆ. ಕೆಳಗೆ ಒಂದು ಗೇಣು ಗಾಳಿ ಆಡಲು ಬಿಡಿ.

ಗಾಳಿ ಬಂದಾಗ ಟಕ್ ಟಕ್

ಈ ಸದ್ದನ್ನು ಒಂದು ದಿನವೂ ಕಡೆಗಣಿಸಬೇಡಿ. ಲೆಕ್ಕ ನೋಡಿ. ಕಟ್ಟಡಗಳ ಗಾಳಿ ಲೆಕ್ಕಕ್ಕೆ ಇರುವ ಐಎಸ್ 875ರಲ್ಲಿ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್ ಎಂದಿದೆ. ಅದನ್ನೇ ಇಟ್ಟುಕೊಂಡರೂ ಒತ್ತಡ ಒಂದು ಚದರ ಮೀಟರ್‌ಗೆ ಸುಮಾರು 66 ಕೆಜಿ. 540 ವ್ಯಾಟ್‌ನ ಪ್ಯಾನೆಲ್ 2.5 ಚದರ ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಅಂದರೆ 28 ಕೆಜಿ ತೂಕದ ಪ್ಯಾನೆಲ್ಲನ್ನು ಗಾಳಿ ಸುಮಾರು 170 ಕೆಜಿ ಬಲದಿಂದ ಎತ್ತಬಹುದು. ಹಿಡಿದಿರುವುದು ನಾಲ್ಕು ಕ್ಲ್ಯಾಂಪ್. ಚಾವಣಿಯ ಅಂಚು, ಮೂಲೆಗಳಲ್ಲಿ ಎಳೆತ ಇನ್ನೂ ಜಾಸ್ತಿ. ಹಾಗಾಗಿ ಅಂಚಿಗೆ ತಾಗಿಸಿ ಪ್ಯಾನೆಲ್ ಇಡಬಾರದು, ಹೊರಗೆ ಚಾಚುವುದಂತೂ ಬೇಡವೇ ಬೇಡ.

ಸಡಿಲವಾಗಿದ್ದರೆ ಮೊದಲು ಕೊನೆಯ ಕ್ಲ್ಯಾಂಪ್ ಅಳೆಯಿರಿ. ಫ್ರೇಮ್ 30 ಮಿಲಿಮೀಟರ್, ಕ್ಲ್ಯಾಂಪ್ 35ರದ್ದು ಹಾಕಿರುತ್ತಾರೆ. ಬೋಲ್ಟ್ ಎಷ್ಟು ಬಿಗಿದರೂ ಅದು ರೈಲಿಗೆ ಕೂರುತ್ತದೆಯೇ ಹೊರತು ಪ್ಯಾನೆಲ್ಲನ್ನು ಹಿಡಿಯುವುದಿಲ್ಲ. ಅದನ್ನು ಬದಲಿಸದೆ ಬೇರೆ ದಾರಿಯಿಲ್ಲ. ಕ್ಲ್ಯಾಂಪ್ ಎಲ್ಲಿ ಹಿಡಿಯಬೇಕು ಎಂದು ಪ್ಯಾನೆಲ್ ಕೈಪಿಡಿಯಲ್ಲಿ ಚಿತ್ರ ಇರುತ್ತದೆ. ತೀರಾ ತುದಿಯಲ್ಲಿ ಹಿಡಿದಿದ್ದರೆ ನಡುವೆ ಬಾಗಿ ಒಳಗಿನ ಸೆಲ್ ಬಿರುಕು ಬಿಡುತ್ತದೆ. ಟಾರ್ಕ್ ರೆಂಚಿನಲ್ಲಿ ಕೈಪಿಡಿಯ ಲೆಕ್ಕಕ್ಕೆ ಬಿಗಿಯಿರಿ. ಆಮೇಲೆ ಬೋಲ್ಟ್ ತಲೆಯಿಂದ ಕ್ಲ್ಯಾಂಪಿನವರೆಗೆ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ಮುಂದಿನ ವರ್ಷ ಗೆರೆ ತುಂಡಾಗಿ ಕಂಡರೆ ಬೋಲ್ಟ್ ತಿರುಗಿದೆ ಎಂದು ತಿಳಿಯುತ್ತದೆ.

ಹೆಂಚಿನ ಮನೆ ಸೋರುತ್ತಿದೆ

ಮಂಗಳೂರು ಹೆಂಚಿಗೆ ತೂತು ಹೊಡೆದು ಸಿಲಿಕಾನ್ ಮೆತ್ತಿದ್ದರೆ ಸೋರುವುದು ಖಂಡಿತ. ಬಿಸಿಲು ಮಳೆಗೆ ಅದು ಬಿಟ್ಟುಕೊಳ್ಳುತ್ತದೆ. ರೈಲನ್ನು ಹಿಡಿಯುವ ಹುಕ್ ಹೆಂಚಿನ ಕೆಳಗಿನಿಂದ ಬಂದು ಇಳಿಜಾರಿನ ದಪ್ಪ ಮರವಾದ ಪಕಾಸಿಗೆ ಬಿಗಿಯಬೇಕು, ಅಡ್ಡಕ್ಕೆ ಹೊಡೆದ ತೆಳು ರೀಪರಿಗಲ್ಲ. ಹುಕ್ ಹೆಂಚಿನ ಮೇಲೆ ಒರಗಿದ್ದರೆ ಗಾಳಿ ಒತ್ತಿದಾಗ ಹೆಂಚು ಸೀಳುತ್ತದೆ.

ನೀರು ತೊಟ್ಟಿಕ್ಕುವ ಜಾಗದ ನೇರ ಮೇಲೆ ತೂತು ಇರುವುದಿಲ್ಲ. ಅದು ಪಕಾಸಿನ ಮೇಲೆ ಹರಿದು ಬಂದಿರುತ್ತದೆ. ಮಳೆ ಬರುವಾಗ ಅಟ್ಟ ಹತ್ತಿ ಟಾರ್ಚ್ ಬಿಟ್ಟು ಹೊಳೆಯುವ ಗೆರೆಯನ್ನು ಮೇಲಕ್ಕೆ ಹಿಂಬಾಲಿಸಿ. ಅದೇ ಹೊತ್ತಿಗೆ ಪಕಾಸನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಮೆತ್ತಗೆ ಒಳಗೆ ಹೋದರೆ ಗೆದ್ದಲು ಹಿಡಿದಿದೆ ಇಲ್ಲವೇ ಮರ ಕೊಳೆತಿದೆ. ಅಂಥ ಮರಕ್ಕೆ ಯಾವ ಹುಕ್ಕೂ ನಿಲ್ಲುವುದಿಲ್ಲ. ಹಳೇ ತೊಟ್ಟಿ ಮನೆಗಳ ಮೇಲೆ ಪ್ಯಾನೆಲ್ ಹೊರಿಸುವುದು ನನಗೆ ಇಷ್ಟವಿಲ್ಲ. ಅಂಗಳದಲ್ಲೋ ಕಣದ ಪಕ್ಕದಲ್ಲೋ ನೆಲದ ಸ್ಟ್ಯಾಂಡ್ ಹಾಕಿಸಿ. ಸ್ವಲ್ಪ ಖರ್ಚು ಜಾಸ್ತಿ ಬಂದರೂ ಮನೆ ಉಳಿಯುತ್ತದೆ, ತೊಳೆಯಲೂ ಸುಲಭ.

ತಗಡಿನ ಶೀಟಾದರೆ ಸ್ಕ್ರೂ ಉಬ್ಬಿನ ಮೇಲೆ ಇರಬೇಕು. ತಗ್ಗಿನಲ್ಲಿ ಹಾಕಿದ ಸ್ಕ್ರೂ ವರ್ಷವೆಲ್ಲ ನೀರಿನ ದಾರಿಯಲ್ಲಿರುತ್ತದೆ. ರಬ್ಬರ್ ವಾಷರ್ ಚಪ್ಪಟೆಯಾಗಿ ಹೊರಗೆ ಬಂದಿದ್ದರೆ ಜಾಸ್ತಿ ಬಿಗಿದಿದ್ದಾರೆ, ಬದಲಿಸಿ.

ಹೂಮಳೆಯ ಸಿಡಿಲಿಗೆ ಮುಂಚೆ

ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿಗೆ ಹೂಮಳೆ ಬರುವಾಗ ಗುಡುಗು ಸಿಡಿಲೂ ಜೊತೆಗೇ ಬರುತ್ತವೆ. ಫೆಬ್ರವರಿಯಲ್ಲೇ ಅರ್ತಿಂಗ್ ಅಳೆಸಿ, 5 ಓಮ್‌ಗಿಂತ ಕಡಿಮೆ ಇರಲಿ. ಬೇಸಿಗೆಯಲ್ಲಿ ಗುಂಡಿ ಒಣಗಿ ಓಮ್ ಏರುತ್ತದೆ, ನೀರು ಹಾಕಿ. ಪ್ಯಾನೆಲ್ ಫ್ರೇಮಿನ ಮೇಲೆ ಕಾಣದ ಒಂದು ಪದರ ಇರುತ್ತದೆ, ಅದು ಕರೆಂಟು ಬಿಡುವುದಿಲ್ಲ. ಸುಮ್ನೆ ವೈರ್ ಸುತ್ತಿದರೆ ಅರ್ತಿಂಗ್ ಆಗಿಲ್ಲ. ಹಲ್ಲಿನ ವಾಷರ್ ಹಾಕಿ, ಆ ಪದರ ಕೊರೆಯುವಂತೆ, ಫ್ರೇಮಿನಲ್ಲಿ ಅದಕ್ಕೆಂದೇ ಇರುವ ತೂತಿನಲ್ಲಿ ಬಿಗಿಯಬೇಕು. ಡಿಸಿ ಪೆಟ್ಟಿಗೆಯ ಸರ್ಜ್ ರಕ್ಷಕದ ಸಣ್ಣ ಕಿಟಕಿ ಹಸಿರಿದೆಯಾ ನೋಡಿ. ಕೆಂಪಾಗಿದ್ದರೆ ಅದು ಒಂದು ಸಿಡಿಲನ್ನು ಆಗಲೇ ತಡೆದುಕೊಂಡು ಸತ್ತಿದೆ. ಇನ್ನೊಂದನ್ನು ತಡೆಯಲು ಅಲ್ಲಿ ಏನೂ ಇಲ್ಲ.

ಮೂಡಿಗೆರೆಯ ಆ ಕೊಟ್ಟಿಗೆಯಲ್ಲಿ ಅರ್ತಿಂಗ್ ವೈರ್ ಮೊದಲ ಪ್ಯಾನೆಲ್‌ಗೆ ಮಾತ್ರ ಇತ್ತು. ಉಳಿದ ಐದಕ್ಕೆ ಇರಲಿಲ್ಲ. ಕನೆಕ್ಟರ್ ಬದಲಿಸಿದ ದಿನವೇ ಆರಕ್ಕೂ ಎಳೆದೆವು. ಆಮೇಲೆ ಶೀಟಿಗೆ ಮೀಟರ್ ಹಚ್ಚಿ ವೋಲ್ಟ್ ಅಳೆದೆ, ಸೊನ್ನೆ ಬಂತು. ಯಜಮಾನರು ದನಗಳನ್ನು ಒಳಗೆ ಕಟ್ಟಿದ್ದು ಅದಾದ ಮೇಲೆಯೇ.